ಪಾತರಗಿತ್ತಿ ಕವಾಟದ ಆಯ್ಕೆ: ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆಯುಷ್ಯದ ಬಹುಭಾಗವನ್ನು ಕರಿಹಲಗೆಯ ಮುಂದೆ ಕಳೆದ ನನಗೆ ಬರುವುದು ಪಾಠ ಹೇಳುವುದೊಂದೇ. ಆದುದರಿಂದ ಪಾಠವನ್ನೇ ಬರೆಯುತ್ತಿದ್ದೇನೆ. ಇದರ ವಿಷಯವನ್ನು ಕೇಳಿ ಕೆಲವರು ನಕ್ಕರೂ ನಗಲಿ: ಕಾರಖಾನೆಗಳಲ್ಲಿಯೂ ನೀರಿನ ಯೋಜನೆಗಳಲ್ಲಿಯೂ ಕೊಳವೆ ಮಾರ್ಗಕ್ಕೆ ಅಳವಡಿಸುವ ಬಟರ್‌ಫ್ಲೈ ವಾಲ್ವನ್ನು ಆರಿಸುವ ಕ್ರಮ.

ನಾನು ಇಂಜಿನಿಯರನಲ್ಲ. ನನ್ನ ಓದು ಕನ್ನಡ ಮಾಧ್ಯಮದ ಮ್ಯಾಟ್ರಿಕ್ ಪರೀಕ್ಷೆಯವರೆಗೆ. ಅನಂತರ ಶಿಕ್ಷಕರ ತರಬೇತಿ. ಆದರೆ ನಮ್ಮ ಶಾಲೆಯಿಂದ ಹೊರಬಿದ್ದ ಮಕ್ಕಳ ಹಾಜರಿಯನ್ನು ಒಮ್ಮೆ ಮನಸ್ಸಿನಲ್ಲಿಯೇ ತೆಗೆದುಕೊಂಡು ನೋಡಿರಿ. ಶಿಕ್ಷಕರಾದವರು, ಪೊಲೀಸರಾದವರು ಬೆರಳೆಣಿಕೆಯಷ್ಟು. ಜತ್ತ ತಾಲೂಕಿನ ಮಳೆಯನ್ನು ನಂಬಿ ಹೊಲದಲ್ಲಿ ಉಳಿದವರು ಕೆಲವರು. ಮಿಕ್ಕವರೆಲ್ಲ ಸಾಂಗಲಿ, ಕುಪವಾಡ, ಇಚಲಕರಂಜಿ, ಸೊಲ್ಲಾಪುರ, ಪುಣೆಗಳ ಕಾರಖಾನೆಗಳಲ್ಲಿ ಫಿಟ್ಟರ್, ವೆಲ್ಡರ್, ಪಂಪ್ ಆಪರೇಟರ್ ಆಗಿದ್ದಾರೆ. ಹಂಗಾಮಿನಲ್ಲಿ ಸಕ್ಕರೆ ಕಾರಖಾನೆಗೆ ಹೋಗುತ್ತಾರೆ. ಇವರ ಕೈಗೆ ಬರುವ ಯಂತ್ರಗಳ ಪುಸ್ತಿಕೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಇವರಿಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ. ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಅಷ್ಟರಿಂದ ಎಚ್ಚರಿಕೆಯ ಸಾಲಿನ ಅರ್ಥ ಹೊಳೆಯುವುದಿಲ್ಲ. ಅದರಿಂದ ಏನಾಗುತ್ತದೆಂಬುದನ್ನು ನನ್ನ ಶಿಷ್ಯನೊಬ್ಬನ ಕಾಲಿನ ಮೇಲೆ ನಾನು ಕಂಡಿದ್ದೇನೆ. ಆ ಸಂಗತಿಯನ್ನು ಮುಂದೆ ಅದರ ಸ್ಥಳದಲ್ಲಿ ಹೇಳುವೆ. ಇಲ್ಲಿ ಬರೆದಿರುವುದೆಲ್ಲ ಅಂಥ ಹಳೆಯ ವಿದ್ಯಾರ್ಥಿಗಳು ನನಗೆ ಕಲಿಸಿದ್ದು. ಅವರಲ್ಲಿ ಇಂಜಿನಿಯರಾದ ಒಬ್ಬಳು ಹುಡುಗಿ ತಯಾರಕರ ಪುಸ್ತಿಕೆಗಳನ್ನು ಫೋನಿನಲ್ಲಿ ಓದಿ ಅರ್ಥ ಹೇಳಿದಳು. ನಾನು ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ.

ಮೊದಲು ವಸ್ತುವಿನ ಪರಿಚಯ. ನಮ್ಮ ಕಡೆ ಚಿಟ್ಟೆಗೆ ಪಾತರಗಿತ್ತಿ ಎನ್ನುವುದು ರೂಢಿ. ಆದುದರಿಂದ ನಾನು ಇದನ್ನು ಪಾತರಗಿತ್ತಿ ಕವಾಟ ಎಂದು ಕರೆಯುತ್ತೇನೆ. ಅಗಲವಾದ ಉಂಗುರದಂಥ ಒಂದು ಒಡಲು. ಅದರ ನಡುವೆ ದುಂಡನೆಯ ತಟ್ಟೆ. ತಟ್ಟೆಯ ಮಧ್ಯದಲ್ಲಿ ಆರಪಾರ ಹಾಯ್ದ ಶಾಫ್ಟು. ಒಡಲಿನ ಒಳಮೈಗೆ ರಬ್ಬರಿನ ಸೀಟು. ಹಿಡಿಕೆಯನ್ನು ಕಾಲು ಸುತ್ತು, ಎಂದರೆ 90 ಅಂಶ ತಿರುಗಿಸಿದರೆ, ದಾರಿಗೆ ಅಡ್ಡ ನಿಂತಿದ್ದ ತಟ್ಟೆ ದಾರಿಯ ಉದ್ದಕ್ಕೆ ನಿಲ್ಲುತ್ತದೆ. ನೀರು ಅದರ ಎರಡೂ ಮಗ್ಗುಲಿನಿಂದ ಹಾಯುತ್ತದೆ. ತೆರೆದು ನಿಂತ ತಟ್ಟೆಯ ಎರಡು ಅರ್ಧಗಳು ರೆಕ್ಕೆಗಳಂತೆ ಕಾಣುವುದರಿಂದ ಈ ಹೆಸರು. ಗೇಟ್ ವಾಲ್ವಿನ ಚಕ್ರವನ್ನು ಇಪ್ಪತ್ತು ಮೂವತ್ತು ಸುತ್ತು ತಿರುವಿ ಬೆವರಿಳಿಸಿದವರಿಗೆ ಇದರ ಸುಖ ಗೊತ್ತು. 200 ಮಿಲಿಮೀಟರಿನ ಪಾತರಗಿತ್ತಿ ಕವಾಟದ ಅಗಲ 60 ಮಿಲಿಮೀಟರು ಮಾತ್ರ. ಅದೇ ಅಳತೆಯ ಗೇಟ್ ವಾಲ್ವಿಗೆ ಸುಮಾರು ಅದರ ನಾಲ್ಕೈದು ಪಟ್ಟು ಸ್ಥಳ ಬೇಕು. ಕಬ್ಬಿಣ ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಗಾತ್ರ ಹೆಚ್ಚಿದಷ್ಟೂ ಈ ಅಂತರವೂ ಹೆಚ್ಚುತ್ತದೆ. ದೊಡ್ಡ ಕೊಳವೆ ಮಾರ್ಗಗಳಲ್ಲಿ ಇದು ಎಲ್ಲೆಲ್ಲಿಯೂ ಕಾಣುವುದಕ್ಕೆ ಇದೇ ಕಾರಣ.

ಆದರೆ ತೆರೆದಾಗಲೂ ತಟ್ಟೆ ದಾರಿಯಲ್ಲಿಯೇ ಇರುತ್ತದೆಂಬುದನ್ನು ಮರೆಯಬಾರದು. ಗೇಟ್ ವಾಲ್ವಿನ ಬಾಗಿಲು ಮೇಲೆದ್ದು ಹೋಗುತ್ತದೆ; ಇದರದು ಹೋಗುವುದಿಲ್ಲ. ಬಟ್ಟೆಯ ಚೂರು, ನಾರು, ಕಸ ಬರುವ ಹೊಲಸು ನೀರಿನ ಮಾರ್ಗಕ್ಕೆ ಇದನ್ನು ಹಾಕಿದರೆ ಅವೆಲ್ಲ ಶಾಫ್ಟಿಗೆ ಸುತ್ತಿಕೊಳ್ಳುತ್ತವೆ. ಒಳಗೆ ಬುರುಡೆ ಹಾಯಿಸಿ ಶುಚಿ ಮಾಡಬೇಕಾದ ಮಾರ್ಗಕ್ಕೂ ಇದು ಸಲ್ಲದು. 50 ಮಿಲಿಮೀಟರಿಗಿಂತ ಸಣ್ಣ ಕೊಳವೆಗೆ ಬಾಲ್ ವಾಲ್ವೇ ಸಾಕು. ಇಷ್ಟನ್ನು ಮೊದಲೇ ಹೇಳಿ ಮುಂದೆ ಹೋಗೋಣ.

ಈಗ ನಾನೇ ಮಾಡಿದ ತಪ್ಪಿನ ಕಥೆ. ನಿವೃತ್ತಿಯ ನಂತರ ನಮ್ಮೂರಿನ ಪಾಣಿಪುರವಠಾ ಸಮಿತಿಯಲ್ಲಿ, ಅಂದರೆ ನೀರು ಪೂರೈಕೆ ಸಮಿತಿಯಲ್ಲಿ, ಊರವರು ನನ್ನನ್ನು ಕೂಡಿಸಿದರು. ಲೆಕ್ಕ ಬರುವ ಮನುಷ್ಯನೆಂಬ ನಂಬಿಕೆ. ಬಾವಿಯಿಂದ ದಿಬ್ಬದ ಮೇಲಿನ ಟಾಕಿಗೆ ನೀರೆತ್ತುವ ಮಾರ್ಗ. ಏರು 100 ಮೀಟರಿಗೂ ಹೆಚ್ಚಾಗಿದ್ದುದರಿಂದ ಕೆಳಭಾಗದಲ್ಲಿ ದಪ್ಪ ಗೋಡೆಯ ಎಚ್‌ಡಿಪಿಇ ಕೊಳವೆ ಹಾಕಿದ್ದರು. ಪಂಪಿನ ಹತ್ತಿರ ಒಂದು ವಾಲ್ವ್ ಬೇಕಾಗಿತ್ತು. ಮೂರು ಅಂಗಡಿಗಳ ದರಪತ್ರಕಗಳು ಬಂದವು. ‘ಕೊಳವೆ 160, ಅದಕ್ಕೆ 150ರ ವಾಲ್ವ್’ ಎಂದು ಗುತ್ತಿಗೆದಾರ ಹೇಳಿದ. ಅತಿ ಕಡಿಮೆ ದರದ ಪತ್ರಕದ ಮೇಲೆ ಠರಾವು ಬರೆದವನೂ ನಾನೇ, ಸಹಿ ಹಾಕಿದವನೂ ನಾನೇ.

ಜೋಡಿಸಿದ ದಿನ ಹಿಡಿಕೆ ಕಾಲು ಭಾಗದಷ್ಟು ತಿರುಗಿ ಗಕ್ಕನೆ ನಿಂತಿತು. ಹೊಸದು, ಬಿಗಿಯಾಗಿದೆ ಎಂದುಕೊಂಡು ಗುತ್ತಿಗೆದಾರನ ಆಳು ಹಿಡಿಕೆಗೆ ಉದ್ದನೆಯ ಪೈಪು ತೊಡಿಸಿ ಜಗ್ಗಿದ. ಒಳಗೆ ಏನೋ ಕಟಕ್ಕೆಂದಿತು. ಅಂದಿನಿಂದ ಅದು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ. ಮೇ ತಿಂಗಳ ಬಿಸಿಲು. ಒಂಬತ್ತು ದಿನ ಊರಿಗೆ ನಳದ ನೀರಿಲ್ಲ. ಹೆಣ್ಣುಮಕ್ಕಳು ಕೊಡ ಹೊತ್ತು ಹೊಲದ ಬಾವಿಗೆ ನಡೆದರು. ನಮ್ಮ ಮನೆಯ ಮುಂದಿನಿಂದಲೇ ಆ ದಾರಿ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಜಾತ್ರೆಗೆಂದು ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಕುಪವಾಡದಲ್ಲಿ ಫಿಟ್ಟರ್, ಪಂಪಿನ ಮನೆಗೆ ಬಂದು ನೋಡಿದ.

‘ಗುರೂಜಿ, ಪೈಪಿಂದು ಅಳತಿ ಎಷ್ಟ್ರಿ?’ ಎಂದು ಕೇಳಿದ.

‘ನೂರಾ ಅರವತ್ತು’ ಎಂದೆ.

‘ಅದು ಹೊರಗಿಂದರಿ. ಒಳಗಿಂದು?’

ನನ್ನಲ್ಲಿ ಉತ್ತರವಿರಲಿಲ್ಲ. ಏಳನೆಯ ಇಯತ್ತೆಯ ಮಕ್ಕಳಿಗೆ ಒಳವ್ಯಾಸ ಹೊರವ್ಯಾಸಗಳ ಲೆಕ್ಕ ಮಾಡಿಸಿದವನು ನಾನು. ಎಚ್‌ಡಿಪಿಇ ಕೊಳವೆಯ ಮೇಲೆ ಬರೆದಿರುವುದು ಹೊರಗಿನ ಅಳತೆ. 160ರ ಕೊಳವೆ, 16ರ ಒತ್ತಡ ವರ್ಗದ್ದು, ಪಿಇ 100 ಎಂಬ ಪ್ಲಾಸ್ಟಿಕ್ಕಿನದು. ಅದರ ಗೋಡೆಯ ದಪ್ಪ 14.6 ಮಿಲಿಮೀಟರು. ಎರಡು ಕಡೆಯ ಗೋಡೆ ಕಳೆದರೆ ಒಳಗಿನ ದಾರಿ ಸುಮಾರು 131 ಮಾತ್ರ. ಅದರೊಳಗೆ 150ರ ತಟ್ಟೆ ತಿರುಗಬೇಕು!

ಆದರೆ ತಟ್ಟೆ ವಾಲ್ವಿನ ಒಡಲಿನಲ್ಲಿ ತಿರುಗುತ್ತದೆ, ಕೊಳವೆಯಲ್ಲಲ್ಲವಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಇಲ್ಲಿಯೇ ಪೈಥಾಗೊರಸನ ಪ್ರಮೇಯ ಬೇಕಾಗುತ್ತದೆ. ದುಂಡನೆಯ ತಟ್ಟೆಯೊಂದು ತನ್ನ ವ್ಯಾಸದ ಸುತ್ತ ತಿರುಗಿದರೆ ಅದರ ಅಂಚು ಒಂದು ಚೆಂಡಿನ ಆಕಾರವನ್ನು ಬಿಡಿಸುತ್ತದೆ. ಆ ಚೆಂಡಿನ ತ್ರಿಜ್ಯ 75. ಆದರೆ 150ರ ವಾಲ್ವಿನ ಒಡಲಿನ ಅಗಲ 56 ಮಾತ್ರ. ನಡುವಿನಿಂದ ಒಂದು ಬದಿಗೆ 28. ಅಂದರೆ ಚೆಂಡಿನ ಉಳಿದ ಭಾಗ ಎರಡೂ ಕಡೆಯ ಕೊಳವೆಗಳೊಳಗೆ ಚಾಚುತ್ತದೆ. ಒಡಲಿನ ಅಂಚಿನಲ್ಲಿ ಆ ಚೆಂಡಿನ ಅಗಲವೆಷ್ಟು? ಲಂಬಕೋನ ತ್ರಿಕೋನ ಬರೆಯಿರಿ. ಕರ್ಣ 75, ಒಂದು ಬಾಹು 28. 75ರ ವರ್ಗ 5625, 28ರ ವರ್ಗ 784, ಕಳೆದರೆ 4841, ಅದರ ವರ್ಗಮೂಲ 69.6. ಇಮ್ಮಡಿಸಿದರೆ 139. ಕೊಳವೆಯ ಬಾಯಿ 131, ಅದರೊಳಗೆ ಹೋಗಬೇಕಾದದ್ದು 139. ತಟ್ಟೆಯ ಅಂಚು ಒಡಲಿನಿಂದ ಹೊರಗೆ ಇಣುಕುವುದು ಸುಮಾರು 22 ಅಂಶ ತಿರುಗಿದಾಗ. ಹಿಡಿಕೆ ಕಾಲು ಹಾದಿಯಲ್ಲಿ ನಿಂತದ್ದು ಅಲ್ಲಿಯೇ. ಇಡೀ ಸಂಗತಿ ಏಳನೆಯ ಇಯತ್ತೆಯ ಗಣಿತದೊಳಗೆ ಇತ್ತು, ಮತ್ತು ಆ ಗಣಿತವನ್ನು ಕಲಿಸಿದವನೇ ಠರಾವಿಗೆ ಸಹಿ ಹಾಕಿದ್ದ.

10ರ ವರ್ಗದ ಕೊಳವೆಯಾಗಿದ್ದರೆ ಗೋಡೆ 9.5, ಒಳಗಿನ ದಾರಿ 141. ಆಗಲೂ ಒಂದೊಂದು ಬದಿಗೆ ಒಂದೇ ಮಿಲಿಮೀಟರು ಬಿಡುವು. ಜೋಡಣೆ ಕೂದಲೆಳೆಯಷ್ಟು ಓರೆಯಾದರೂ ತಟ್ಟೆ ತಾಗುತ್ತದೆ. ಕೊನೆಗೆ ನಾವು ಎರಡೂ ಕಡೆ 20 ಮಿಲಿಮೀಟರು ದಪ್ಪದ, ಒಳವ್ಯಾಸ ಹೆಚ್ಚಾಗಿದ್ದ ಸ್ಪೇಸರ್ ಬಳೆಗಳನ್ನು ಹಾಕಿ, ಉದ್ದನೆಯ ಬೋಲ್ಟುಗಳನ್ನು ತರಿಸಿ, ಹೊಸ ವಾಲ್ವ್ ಕೂಡಿಸಿದೆವು. ಕೊಳವೆಯ ಬಾಯನ್ನು ಒಳಗಿನಿಂದ ಓರೆಯಾಗಿ ಕೆತ್ತುವ ಪದ್ಧತಿಯೂ ಉಂಟು. ಸಿಮೆಂಟಿನ ಇಲ್ಲವೆ ರಬ್ಬರಿನ ಒಳಲೇಪವಿರುವ ಕಬ್ಬಿಣದ ಕೊಳವೆಗಳಲ್ಲಿಯೂ ಇದೇ ತೊಡಕು ಬರಬಹುದು. ತಯಾರಕರ ಪುಸ್ತಿಕೆಯಲ್ಲಿ ತಟ್ಟೆ ತಿರುಗಲು ಬೇಕಾದ ಕನಿಷ್ಠ ಒಳವ್ಯಾಸ ಕೊಟ್ಟಿರುತ್ತದೆ. ಅದನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಮೇಲಿನ ಲೆಕ್ಕ ಮಾಡಿರಿ.

ಎರಡನೆಯ ಪ್ರಶ್ನೆ, ಒಳಗೆ ಹರಿಯುವುದು ಏನು, ಎಷ್ಟು ಬಿಸಿ ಎಂಬುದು. ಹೊರಗಿನ ಕಬ್ಬಿಣ ನೋಡಿ ವಾಲ್ವ್ ಕೊಳ್ಳುವವರೇ ಹೆಚ್ಚು; ಕೆಲಸ ಮಾಡುವುದು ಒಳಗಿನ ರಬ್ಬರು. ರಬ್ಬರೆಂದರೆ ಎಲ್ಲವೂ ಒಂದೇ ಅಲ್ಲ. ನೋಡಲು ಮಾತ್ರ ಎಲ್ಲವೂ ಕಪ್ಪು. ಇಪಿಡಿಎಂ ಎಂಬುದು ತಣ್ಣೀರಿಗೂ ಬಿಸಿನೀರಿಗೂ ಉತ್ತಮ, ನೂರು ಅಂಶ ಸೆಲ್ಸಿಯಸ್ಸಿನ ಆಸುಪಾಸಿನವರೆಗೆ ತಾಳುತ್ತದೆ. ಆದರೆ ಎಣ್ಣೆ ತಾಗಿದರೆ ಉಬ್ಬಿಕೊಂಡು ತಟ್ಟೆಯನ್ನು ಹಿಡಿದುಬಿಡುತ್ತದೆ. ನೈಟ್ರೈಲ್ ಎಣ್ಣೆಗೆ ಒಳ್ಳೆಯದು. ಸುಮಾರು 80 ಅಂಶ ದಾಟಿದರೆ ಗಡುಸಾಗಿ ಬಿರಿಯುತ್ತದೆ. ಗಾಳಿಯ ಮಾರ್ಗದಲ್ಲಿ ನೀರಿನ ವಾಲ್ವ್ ನಡೆದೀತೆಂದು ಹಾಕುತ್ತಾರೆ. ಕಂಪ್ರೆಸರಿನ ಗಾಳಿಯೊಡನೆ ಎಣ್ಣೆಯ ಹನಿಗಳು ಬರುತ್ತವೆಂಬುದನ್ನು ಮರೆತಿರುತ್ತಾರೆ. ವೈಟನ್ ದುಬಾರಿಯಾದುದರಿಂದ ಎಲ್ಲದಕ್ಕೂ ಒಳ್ಳೆಯದೆಂಬ ಭ್ರಮೆ ಇದೆ. ಎಣ್ಣೆಗೂ ಅನೇಕ ರಾಸಾಯನಿಕಗಳಿಗೂ ಅದು ಸರಿ. ಕುದಿಯುವ ನೀರಿಗೂ ಉಗಿಗೂ ಸಾಮಾನ್ಯ ವೈಟನ್ ಒಗ್ಗುವುದಿಲ್ಲ. ತೀಕ್ಷ್ಣ ಆಮ್ಲಗಳಿಗೆ ಟೆಫ್ಲಾನ್ ಹೊದಿಕೆಯ ಸೀಟು ಬೇಕು. ಸುಣ್ಣ, ಮರಳು ಕೂಡಿದ ನೀರು ಯಾವ ರಬ್ಬರನ್ನಾದರೂ ಸವೆಸುತ್ತದೆ.

ಸಕ್ಕರೆ ಕಾರಖಾನೆಯಲ್ಲಿ ಕೆಲಸ ಮಾಡುವವರು ಇದನ್ನು ಒಂದೇ ಕಟ್ಟಡದೊಳಗೆ ನೋಡಬಹುದು. ತಣ್ಣೀರಿನ ಮಾರ್ಗ, ನೂರು ಅಂಶದ ಹತ್ತಿರದ ಬಿಸಿ ರಸ, ಕುದಿಸುವ ಪಾತ್ರೆಗಳಿಂದ ಹೊರಡುವ ಹಬೆಯ ಭಾರಿ ಕೊಳವೆಗಳು, ಬಾಯ್ಲರಿನ ಉಗಿ: ಇವೆಲ್ಲವುಗಳ ಮೇಲೆ ಪಾತರಗಿತ್ತಿ ಕವಾಟಗಳು ಇರಬಹುದು, ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣಬಹುದು. ಒಂದರ ಸ್ಥಳದಲ್ಲಿ ಇನ್ನೊಂದನ್ನು ಹಾಕಿದರೆ ಹಂಗಾಮಿನ ನಡುವೆ ಗಾಣ ನಿಲ್ಲುತ್ತದೆ. ಹೆಚ್ಚಿನ ಒತ್ತಡದ ಉಗಿಗೆ ರಬ್ಬರಿನ ಸೀಟು ನಡೆಯದು. ಅದಕ್ಕೆ ಲೋಹದ ಸೀಟಿನ ಬೇರೆ ಜಾತಿಯೇ ಇದೆ. ಅದರಲ್ಲಿ ಶಾಫ್ಟು ತಟ್ಟೆಯ ನಟ್ಟನಡುವೆ ಇರದೆ, ಬೇಕೆಂದೇ ಮೂರು ರೀತಿಯಲ್ಲಿ ಸರಿಸಿ ಕೂಡಿಸಿರುತ್ತಾರೆ. ಇದರಿಂದ ತಟ್ಟೆ ಸೀಟಿಗೆ ಉಜ್ಜದೆ, ಮುಚ್ಚುವ ಕೊನೆಯ ಕ್ಷಣದಲ್ಲಿ ಮಾತ್ರ ಬಂದು ಕೂಡುತ್ತದೆ. ಎರಡು ರೀತಿಯಲ್ಲಿ ಸರಿಸಿದ್ದು ನಡುವಿನ ದರ್ಜೆ; ದೊಡ್ಡ ನೀರಿನ ಯೋಜನೆಗಳಲ್ಲಿ ಅದನ್ನು ಬಳಸುತ್ತಾರೆ, ಅದರಲ್ಲಿ ರಬ್ಬರು ಸವೆಯುವುದು ಕಡಿಮೆ.

ಒತ್ತಡದ ವಿಷಯ ಸುಲಭ. ವಾಲ್ವಿನ ಮೇಲೆ ಪಿಎನ್ 10 ಎಂದಿದ್ದರೆ 10 ಬಾರ್, ಅಂದರೆ ಸುಮಾರು 100 ಮೀಟರು ಎತ್ತರದ ನೀರಿನ ಭಾರ. ಪಿಎನ್ 16 ಎಂದರೆ ಸುಮಾರು 160 ಮೀಟರು. ಮಾರ್ಗದ ಅತಿ ಹೆಚ್ಚಿನ ಒತ್ತಡಕ್ಕಿಂತ ಇದು ಮೇಲಿರಬೇಕು. ಪಂಪು ಹೊರಡುವಾಗಲೂ ನಿಲ್ಲುವಾಗಲೂ ಬರುವ ಏರಿಳಿತವನ್ನೂ ಸೇರಿಸಿಕೊಳ್ಳಬೇಕು. ಫ್ಲೇಂಜಿನ ತೂತುಗಳನ್ನೂ ಎಣಿಸಿರಿ. 200ರ ಅಳತೆಯಲ್ಲಿ ಪಿಎನ್ 10ಕ್ಕೆ 8 ತೂತು, ಪಿಎನ್ 16ಕ್ಕೆ 12. ಊರಿಗೆ ವಾಲ್ವ್ ತಂದ ಮೇಲೆ ಇದು ತಿಳಿದರೆ ಮರಳಿ ಸಾಂಗಲಿಗೆ ಬಸ್ಸಿನ ಖರ್ಚು. ನಮ್ಮ ದೇಶದ ಮಾನಕ ಐಎಸ್ 13095. ಹೊರದೇಶದ ಕ್ರಮದಲ್ಲಿ ಇಎನ್ 593, ಎಪಿಐ 609 ಎಂಬ ಹೆಸರುಗಳನ್ನು ನೋಡುವಿರಿ. ಪರೀಕ್ಷೆಯ ಪ್ರಮಾಣಪತ್ರ ಕೇಳಿರಿ. ಒಡಲನ್ನು ಅದರ ಒತ್ತಡದ ಒಂದೂವರೆ ಪಟ್ಟಿಗೂ, ಸೀಟನ್ನು 1.1 ಪಟ್ಟಿಗೂ ಪರೀಕ್ಷಿಸುವುದು ರೂಢಿ. ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿರಿ.

ಈಗ ಹಿಡಿಕೆಯ ವಿಚಾರ. ಕಾಲು ಸುತ್ತಿನಲ್ಲಿ ಮುಚ್ಚುವುದು ಈ ಕವಾಟದ ಗುಣವೆಂದೆ. ಅದೇ ಅದರ ದೋಷವೂ ಹೌದು. ಕೊಳವೆಯಲ್ಲಿ ಓಡುತ್ತಿರುವ ನೀರು ಒಂದು ಉದ್ದನೆಯ ರೈಲು ಗಾಡಿ ಇದ್ದಂತೆ. ಮುಂದಿನ ಡಬ್ಬಿಯನ್ನು ಫಕ್ಕನೆ ನಿಲ್ಲಿಸಿದರೆ ಹಿಂದಿನವೆಲ್ಲ ಒಂದರ ಮೇಲೊಂದು ಬಂದು ಗುದ್ದುತ್ತವೆ. ಈ ಗುದ್ದಿನ ಲೆಕ್ಕವನ್ನು ರಷ್ಯಾದ ಜೂಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಮಾರ್ಗಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಪ್ರಕಟಿಸಿದನು. ಲೆಕ್ಕ ಸರಳವಾಗಿದೆ. ನೀರಿನ ವೇಗವನ್ನು, ಒತ್ತಡದ ಅಲೆ ಓಡುವ ವೇಗದಿಂದ ಗುಣಿಸಿ, 9.8ರಿಂದ ಭಾಗಿಸಿದರೆ ಒತ್ತಡದ ಏರಿಕೆ ಮೀಟರಿನಲ್ಲಿ ಸಿಗುತ್ತದೆ. ಕಬ್ಬಿಣದ ಕೊಳವೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1000 ಮೀಟರು. ನೀರು ಸೆಕೆಂಡಿಗೆ 1.2 ಮೀಟರು ಓಡುತ್ತಿದ್ದರೆ, 1200ನ್ನು 9.8ರಿಂದ ಭಾಗಿಸಿರಿ: ಹೆಚ್ಚುಕಡಿಮೆ 122 ಮೀಟರು. ಎಂದರೆ ಮೊದಲೇ ಇದ್ದ ಒತ್ತಡದ ಮೇಲೆ ಇನ್ನೊಂದು ಪಿಎನ್ 10ಕ್ಕೂ ಮೀರಿದ ಭಾರ. ಪ್ಲಾಸ್ಟಿಕ್ ಕೊಳವೆ ಹಿಗ್ಗುವುದರಿಂದ ಅಲ್ಲಿ ಅಲೆ ನಿಧಾನ, ಏರಿಕೆ ಕಡಿಮೆ; ಇಲ್ಲವೇ ಇಲ್ಲವೆಂದಲ್ಲ.

ಎಷ್ಟು ಬೇಗ ಮುಚ್ಚಿದರೆ ಈ ಪೂರ್ಣ ಹೊಡೆತ ಬೀಳುತ್ತದೆ? ಅಲೆ ಕೊಳವೆಯ ತುದಿಗೆ ಹೋಗಿ ಮರಳುವುದರೊಳಗೆ ಮುಚ್ಚಿದರೆ. 3 ಕಿಲೋಮೀಟರಿನ ಮಾರ್ಗದಲ್ಲಿ ಹೋಗಿಬರಲು 6 ಸೆಕೆಂಡು. ಹಿಡಿಕೆಯನ್ನು ಎಳೆದು ಮುಚ್ಚಲು ಎರಡು ಸೆಕೆಂಡೂ ಬೇಡ. ಆದುದರಿಂದ ಉದ್ದನೆಯ ಮಾರ್ಗದಲ್ಲಿ ಹಿಡಿಕೆಯ ವಾಲ್ವ್ ಸರ್ವಥಾ ಬೇಡ. ಚಕ್ರ ತಿರುವುವ ಗೇರ್ ಪೆಟ್ಟಿಗೆಯದನ್ನೇ ಕೊಳ್ಳಿರಿ, ಮತ್ತು 6 ಸೆಕೆಂಡಿನ ಹಲವು ಪಟ್ಟು ಸಮಯ ತೆಗೆದುಕೊಂಡು ಮುಚ್ಚಿರಿ. ಕೊನೆಯ ಭಾಗವನ್ನು ಅತಿ ನಿಧಾನವಾಗಿ ಮುಚ್ಚಬೇಕು, ಏಕೆಂದರೆ ನೀರು ನಿಜವಾಗಿ ತಡೆಯಲ್ಪಡುವುದು ಅಲ್ಲಿಯೇ. 200 ಮಿಲಿಮೀಟರಿಗಿಂತ ದೊಡ್ಡದಕ್ಕೆ ಹೇಗೂ ಗೇರ್ ಬೇಕೇ ಬೇಕು. ಮನುಷ್ಯನ ತೋಳಿನ ಬಲ ಸಾಲದು. ನಮ್ಮೂರಿನ ವಾಲ್ವ್‌ಮನ್‌ಗೆ ಇದನ್ನು ತಿಳಿಸಿ ಹೇಳಿದಾಗ ಅವನು, ‘ಅದಕ್ಕ ಏನರಿ ಗುರೂಜಿ, ರಾತ್ರಿ ಪೈಪು ಗುಡುಗಿದಂಗ ಆಗತಿತ್ತು’ ಎಂದ. ಅವನು ಅದನ್ನು ಅಷ್ಟು ವರ್ಷ ಕೇಳುತ್ತಲೇ ಇದ್ದ.

ನೀರನ್ನು ಕಡಿಮೆ ಹೆಚ್ಚು ಮಾಡುವುದಕ್ಕೂ ಈ ಕವಾಟವನ್ನು ಬಳಸುತ್ತಾರೆ. ಬಳಸಬಹುದು, ಆದರೆ 30 ಅಂಶದಿಂದ 70 ಅಂಶದವರೆಗಿನ ತೆರಪಿನಲ್ಲಿ. ಅದಕ್ಕಿಂತ ಕಡಿಮೆ ತೆರೆದು ದಿನಗಟ್ಟಲೆ ಬಿಟ್ಟರೆ ಸಂದಿಯಲ್ಲಿ ನೀರು ಅತಿ ವೇಗದಿಂದ ಹಾಯ್ದು, ಒತ್ತಡ ಕುಸಿದು, ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಳಗೆ ಕಡಿ ಹಾಕಿ ಅಲ್ಲಾಡಿಸಿದಂಥ ಸಪ್ಪಳ ಬರುತ್ತದೆ. ತಟ್ಟೆಯ ಲೋಹ ಗೆದ್ದಲು ತಿಂದಂತಾಗುತ್ತದೆ. 70ರ ಮೇಲೆ ತಿರುಗಿಸಿದರೂ ಹರಿವಿನಲ್ಲಿ ಹೇಳಿಕೊಳ್ಳುವಂಥ ಹೆಚ್ಚಳವಾಗುವುದಿಲ್ಲ.

ಇನ್ನು ಉಳಿದದ್ದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆ ಹುಡುಗನ ಕಾಲಿನ ಸಂಗತಿ ಇಲ್ಲಿ ಬರುತ್ತದೆ. ಪಾತರಗಿತ್ತಿ ಕವಾಟವನ್ನು ಕೊಳವೆಗೆ ಜೋಡಿಸುವ ಎರಡು ಮುಖ್ಯ ರೀತಿಗಳಿವೆ. ಒಂದು ವೇಫರ್. ಇದರಲ್ಲಿ ವಾಲ್ವಿಗೆ ತನ್ನದೇ ಆದ ಹಿಡಿತವಿಲ್ಲ. ಎರಡು ಫ್ಲೇಂಜುಗಳ ನಡುವೆ ಅದನ್ನಿಟ್ಟು, ಈ ಫ್ಲೇಂಜಿನಿಂದ ಆ ಫ್ಲೇಂಜಿಗೆ ಉದ್ದನೆಯ ಬೋಲ್ಟುಗಳನ್ನು ಹಾಯಿಸಿ ಬಿಗಿಯುತ್ತಾರೆ. ಎರಡು ರೊಟ್ಟಿಗಳ ನಡುವೆ ಪಲ್ಯ ಇಟ್ಟಂತೆ. ಇನ್ನೊಂದು ಲಗ್. ಇದರ ಒಡಲಿನ ಸುತ್ತ ಕಿವಿಗಳಿರುತ್ತವೆ, ಕಿವಿಗಳಲ್ಲಿ ಮರೆ ಕೊರೆದ ತೂತುಗಳಿರುತ್ತವೆ. ಎಡದ ಫ್ಲೇಂಜಿನ ಬೋಲ್ಟುಗಳು ಬೇರೆ, ಬಲದವು ಬೇರೆ. ಎರಡೂ ವಾಲ್ವಿನ ಮೈಯೊಳಗೇ ಬಂದು ಕಚ್ಚುತ್ತವೆ. ವೇಫರ್ ಅಗ್ಗ. ಮಾರ್ಗದ ನಡುವೆ, ಎರಡೂ ಕಡೆಯ ಕೊಳವೆ ಎಂದೂ ಬಿಚ್ಚದೆ ಇರುವಲ್ಲಿ ಅದು ಸಾಕು.

ನನ್ನ ಶಿಷ್ಯ ಕೆಲಸ ಮಾಡುತ್ತಿದ್ದ ಕಾರಖಾನೆಯಲ್ಲಿ ಬಿಸಿನೀರಿನ 150ರ ಮಾರ್ಗ. ವಾಲ್ವಿನ ಮುಂದಿನ ಕೊಳವೆಯ ತುಂಡು ಸೋರುತ್ತಿತ್ತು. ವಾಲ್ವ್ ಬಂದ್ ಮಾಡಿ ಆ ತುಂಡನ್ನು ಬಿಚ್ಚಿ ಬದಲಿಸಲು ಮೇಲಿನವರು ಹೇಳಿದರು. ಅವನು ಬಂದ್ ಮಾಡಿದ, ಹನಿಯೂ ದಾಟುತ್ತಿಲ್ಲವೆಂದು ನೋಡಿಕೊಂಡ, ಪಾನಾ ಹಚ್ಚಿ ಬೋಲ್ಟುಗಳನ್ನು ಸಡಿಲಿಸಿದ. ವಾಲ್ವ್ ವೇಫರ್ ಜಾತಿಯದು. ಮುಂದಿನ ಫ್ಲೇಂಜನ್ನು ಹಿಡಿದಿದ್ದ ಬೋಲ್ಟುಗಳೇ ವಾಲ್ವನ್ನೂ ಹಿಡಿದಿದ್ದವು. ಮುಂದಿನ ಕೊಳವೆ ಸರಿದೊಡನೆ ಮುಚ್ಚಿದ್ದ ವಾಲ್ವೇ ಜಾಗ ಬಿಟ್ಟು ಜಾರಿತು. ಮಾರ್ಗದಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 3 ಕಿಲೋ. ಏನು ಮಹಾ ಎನ್ನಿಸಬಹುದು. 15 ಸೆಂಟಿಮೀಟರು ವ್ಯಾಸದ ತಟ್ಟೆಯ ಕ್ಷೇತ್ರಫಲ ತೆಗೆಯಿರಿ: ತ್ರಿಜ್ಯ 7.5, ವರ್ಗ 56.25, 3.14ರಿಂದ ಗುಣಿಸಿದರೆ 176 ಚದರ ಸೆಂಟಿಮೀಟರಿಗೆ ಮೇಲೆ. ಅದನ್ನು 3ರಿಂದ ಗುಣಿಸಿದರೆ ಸುಮಾರು 530 ಕಿಲೋ. ಐದು ಕ್ವಿಂಟಲಿಗೂ ಹೆಚ್ಚಿನ ಭಾರ ಮುಚ್ಚಿದ ತಟ್ಟೆಯನ್ನು ಹೊರಗೆ ನೂಕುತ್ತಿತ್ತು. ಅವನು ಹಿಂದಕ್ಕೆ ಹಾರಿದ. ಎಡಗಾಲು ಮೊಣಕಾಲಿನವರೆಗೆ ಬೆಂದಿತು.

ಊರಿಗೆ ಬಂದಾಗ ನೋಡಲು ಹೋದೆ. ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಏಳಲು ಹೋದ, ಬೇಡವೆಂದೆ. ‘ಬಂದ್ ಇತ್ರಿ ಗುರೂಜಿ. ನಾನ ಬಂದ್ ಮಾಡಿದ್ದೆ. ಹನಿ ನೀರು ಬರತಿದ್ದಿಲ್ಲ’ ಎಂದು ಮೂರು ಸಲ ಹೇಳಿದ. ಪರೀಕ್ಷೆಯಲ್ಲಿ ಉತ್ತರ ಸರಿಯಾಗಿ ಬರೆದೂ ನಪಾಸಾದ ಹುಡುಗನ ಮುಖ ಅದು. ವೇಫರ್ ವಾಲ್ವನ್ನು ಮಾರ್ಗದ ತುದಿಯಲ್ಲಿ ಬಳಸಬಾರದು, ಒತ್ತಡವಿರುವಾಗ ಒಂದು ಬದಿಯನ್ನು ಬಿಚ್ಚಬಾರದು ಎಂಬ ಮಾತು ಪುಸ್ತಿಕೆಯಲ್ಲಿ ಅಚ್ಚಾಗಿತ್ತೆಂದು ಆಮೇಲೆ ತಿಳಿಯಿತು. ಪುಸ್ತಿಕೆ ಕಪಾಟಿನಲ್ಲಿತ್ತು. ಅವನ ಕೈಗೆ ಬಂದಿದ್ದರೂ ಓದಿ ತಿಳಿಯುವಂತಿರಲಿಲ್ಲ. ಅವನಿಗೆ ಅಕ್ಷರ ಕಲಿಸಿದವನು ನಾನು.

ಆದುದರಿಂದ ಕೊಳ್ಳುವಾಗ ಕೇಳಿಕೊಳ್ಳಿರಿ: ಮುಂದೆ ಎಂದಾದರೂ ಈ ವಾಲ್ವಿನ ಒಂದು ಕಡೆಯ ಕೊಳವೆಯನ್ನು ಬಿಚ್ಚುವ ಪ್ರಸಂಗ ಬರುವುದೇ? ಪಂಪಿನ ಪಕ್ಕದಲ್ಲಿ, ಟಾಕಿಯ ಬುಡದಲ್ಲಿ, ಮುಂದೆ ಬೆಳೆಯಲಿರುವ ಮಾರ್ಗದ ತುದಿಯಲ್ಲಿ ಬಂದೇ ಬರುತ್ತದೆ. ಅಲ್ಲಿ ಲಗ್ ಜಾತಿಯನ್ನು, ಇಲ್ಲವೆ ಎರಡೂ ಕಡೆ ಸ್ವಂತ ಫ್ಲೇಂಜುಳ್ಳದ್ದನ್ನು ಕೊಳ್ಳಿರಿ. ಲಗ್ ಇದ್ದಮಾತ್ರಕ್ಕೆ ನಿಶ್ಚಿಂತರಾಗಬೇಡಿರಿ. ಒಂದು ಬದಿ ತೆರೆದಿರುವಾಗ ಎಷ್ಟು ಒತ್ತಡ ತಾಳುತ್ತದೆಂಬುದನ್ನು ತಯಾರಕರು ಬೇರೆಯಾಗಿ ಹೇಳಿರುತ್ತಾರೆ. ಅನೇಕ ವಾಲ್ವುಗಳಿಗೆ ಅದು ಮೈಮೇಲೆ ಬರೆದುದಕ್ಕಿಂತ ಕಡಿಮೆ. ತೆರೆದ ಬದಿಗೆ ಕುರುಡು ಫ್ಲೇಂಜ್ ಮುಚ್ಚಿ ಬಿಗಿಯಿರಿ. ಬಿಚ್ಚುವ ಕೆಲಸವಿದ್ದಾಗ, ವಾಲ್ವ್ ಯಾವ ಜಾತಿಯದೇ ಇರಲಿ, ಮೊದಲು ಪಂಪು ನಿಲ್ಲಿಸಿ, ಒತ್ತಡ ಇಳಿಸಿ, ನೀರು ಖಾಲಿ ಮಾಡಿ, ಮಾಪಕ ಸೊನ್ನೆ ತೋರಿಸುವುದನ್ನು ಕಣ್ಣಾರೆ ಕಂಡು, ಹಿಡಿಕೆಗೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಕಿಸೆಯಲ್ಲಿಟ್ಟುಕೊಂಡು ಪಾನಾ ಹಿಡಿಯಿರಿ. ಮೇಲಿನವರು ಅವಸರ ಮಾಡಿದರೆ ಮಾಡಲಿ. ವೇಫರೋ ಲಗ್ಗೋ ಎಂದು ಗುರುತಿಸುವುದು ಕಷ್ಟವಲ್ಲ: ಒಂದು ಫ್ಲೇಂಜಿನಿಂದ ಇನ್ನೊಂದಕ್ಕೆ ಬೋಲ್ಟು ಬರಿದಾಗಿ ಹಾಯ್ದುದು ವಾಲ್ವಿನ ಹೊರಗೆ ಕಂಡರೆ ಅದು ವೇಫರ್. ಕಿವಿಗಳಿದ್ದರೂ ತೂತುಗಳಲ್ಲಿ ಮರೆ ಇಲ್ಲದೆ ಬೋಲ್ಟು ಆರಪಾರ ಹೋಗಿದ್ದರೆ ಅದನ್ನೂ ವೇಫರ್ ಎಂದೇ ತಿಳಿಯಿರಿ.

ಆ ಹುಡುಗ ಈಗ ನಡೆಯುತ್ತಾನೆ, ಕೆಲಸಕ್ಕೂ ಹೋಗುತ್ತಾನೆ. ನನ್ನ ವಹಿಯ ಈ ಪುಟವನ್ನು ಅವನೇ ಮೊದಲು ನಕಲು ಮಾಡಿಕೊಂಡ.

ಜೋಡಿಸುವಾಗಿನ ಕೆಲವು ಮಾತುಗಳು ಉಳಿದಿವೆ. ರಬ್ಬರಿನ ಸೀಟು ಒಡಲಿನ ಎರಡೂ ಮೋರೆಗೆ ಮಡಚಿಕೊಂಡಿದ್ದರೆ ಬೇರೆ ಗ್ಯಾಸ್ಕೆಟ್ ಹಾಕಬಾರದು, ರಬ್ಬರೇ ಗ್ಯಾಸ್ಕೆಟ್. ವಾಲ್ವನ್ನು ಫ್ಲೇಂಜುಗಳ ನಡುವೆ ಇಳಿಸುವಾಗ ತಟ್ಟೆ ಒಡಲಿನೊಳಗೇ ಇರುವಂತೆ ಸ್ವಲ್ಪವೇ ತೆರೆದಿರಲಿ. ಬೋಲ್ಟುಗಳನ್ನು ಬೆರಳಿನಿಂದ ಕೂಡಿಸಿದ ಮೇಲೆ ಪೂರ್ತಿ ತೆರೆದು, ತಾಗದೆ ತಿರುಗುವುದನ್ನು ನೋಡಿ, ಆಮೇಲೆ ಎದುರುಬದಿರಾಗಿ ಬಿಗಿಯಿರಿ. ಫ್ಲೇಂಜುಗಳ ನಡುವೆ ವಾಲ್ವ್ ಇಟ್ಟುಕೊಂಡೇ ಫ್ಲೇಂಜಿಗೆ ವೆಲ್ಡಿಂಗ್ ಮಾಡಿದರೆ ಸೀಟು ಸುಟ್ಟುಹೋಗುತ್ತದೆ. ನೀರಿನಲ್ಲಿ ಹೂಳು ಬರುವಂತಿದ್ದರೆ ಶಾಫ್ಟು ಅಡ್ಡವಾಗಿರಲಿ, ತಟ್ಟೆಯ ಕೆಳ ಅಂಚು ನೀರು ಹೋಗುವ ದಿಕ್ಕಿಗೆ ತೆರೆಯಲಿ. ತಳದ ಹೂಳನ್ನು ನೀರೇ ತಳ್ಳಿಕೊಂಡು ಹೋಗುತ್ತದೆ. ಪಂಪಿಗೂ ತಿರುವಿಗೂ ಮೈ ಹಚ್ಚಿ ಕೂಡಿಸಬೇಡಿರಿ; ಕೊಳವೆಯ ವ್ಯಾಸದ ಐದಾರು ಪಟ್ಟು ದೂರವಿದ್ದರೆ ತಟ್ಟೆ ಅದುರುವುದಿಲ್ಲ. ತಿಂಗಳಿಗೊಮ್ಮೆಯಾದರೂ ತೆರೆದು ಮುಚ್ಚಿರಿ, ಇಲ್ಲದಿದ್ದರೆ ರಬ್ಬರು ತಟ್ಟೆಗೆ ಅಂಟಿಕೊಳ್ಳುತ್ತದೆ.

ನಮ್ಮೂರಿನ ಆ ಹಾಳಾದ ವಾಲ್ವನ್ನು ಗುಜರಿಗೆ ಹಾಕಲು ನಾನು ಬಿಡಲಿಲ್ಲ. ತಟ್ಟೆಯ ಅಂಚು ಎರಡು ಕಡೆ ಕಚ್ಚು ಬಿದ್ದಿದೆ, ಶಾಫ್ಟಿನ ಪಿನ್ನು ಮುರಿದಿದೆ; ಉಳಿದಂತೆ ಹೊಸದರ ಹಾಗಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಕೆಳಗೆ ಇಟ್ಟಿದ್ದೇನೆ. ಮಹೋತ್ಸವಕ್ಕೆ ಊರಿಗೆ ಬಂದವರು ಸಂಜೆ ಹೊತ್ತು ಬಂದರೆ ಕೈಯಲ್ಲಿ ಹಿಡಿದು ನೋಡಬಹುದು. ಅಳತೆಪಟ್ಟಿಯೂ ಅಲ್ಲಿಯೇ ಇದೆ.